ಕೊಲ್ಲಿಯ ತಳಕ್ಕೆ ಒಂದೇ ಚಿತ್ರ

ತೂರಾ ಮತ್ತು ಆಸ್ಗೆರ್ ಎರಡು ವರ್ಷದಿಂದ ಒಂದೇ ಕೊಲ್ಲಿಯ ಕೆಲಸದಲ್ಲಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. ಲಿಮ್‌ಫ್ಯೋರ್ಡ್ ಎಂಬ ಕಡಲ ಹಿನ್ನೀರಿನ ಆ ಕೊಲ್ಲಿಯಲ್ಲಿ ಹಿಂದೆ ಹುಲುಸಾಗಿದ್ದ ಕಡಲಹುಲ್ಲು, ನೀರು ಕದಡಿ ಬಿಸಿಲು ತಳ ಮುಟ್ಟದೆ ಅಳಿದುಹೋಗಿತ್ತು. ಮತ್ತೆ ನೆಡಲು ಊರವರು ತಯಾರಿದ್ದರು. ಎಲ್ಲಿ ನೆಡಬೇಕೆಂದು ಹೇಳುವುದು ಇವರಿಬ್ಬರ ಕೆಲಸ. ತೂರಾ ಕಂಪ್ಯೂಟರಿನಲ್ಲಿ ಇಡೀ ಕೊಲ್ಲಿಯನ್ನು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ತಳಕ್ಕೆ ಎಷ್ಟು ಬೆಳಕು ಇಳಿಯುತ್ತದೆಂದು ಲೆಕ್ಕ ಹಾಕುತ್ತಿದ್ದಳು. ಆಸ್ಗೆರ್ ದೋಣಿ ಹೋದಲ್ಲೆಲ್ಲ ನೀರಿಗೆ ಮುಳುಗಿ ಅದೇ ಬೆಳಕನ್ನು ಅಳೆದು ತರುತ್ತಿದ್ದ. ಅವನ ಅಳತೆಗಳು ಚೆಲ್ಲಿದ ಕಾಳಿನ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು.

"ನಿನ್ನ ಕಂಪ್ಯೂಟರು ಒಂದ್ಸಲಾನಾದ್ರೂ ಒದ್ದೆ ಆಗಿದ್ಯಾ?" ಎಂದು ಸಭೆಯಲ್ಲಿ ಅವನು ಕೆಣಕಿದ.

"ನೀನು ಅಲ್ಲೊಂದು ಇಲ್ಲೊಂದು ಅಳ್ಕೊಂಡು ಬಂದ್ರೆ ನಡುವಿಂದೆಲ್ಲ ಯಾರು ಹೇಳ್ತಾರೆ? ನಿನ್ನ ಗಡ್ಡಾನಾ?" ಎಂದಳು ತೂರಾ.

ನೆಡುವ ಕೆಲಸದ ಮುಂದಾಳು ಲಿಸ್ಬೆತ್ ಕಾಫಿ ಲೋಟವನ್ನು ಟಪ್ಪೆಂದು ಇಟ್ಟಳು. "ಎರಡು ಹಾಳೇಲಿ ಎರಡು ಚಿತ್ರ ಕೊಟ್ರೆ ನಾನೇನು ಒಂದೊಂದು ಕಣ್ಣಲ್ಲಿ ಒಂದೊಂದು ನೋಡ್ಲಾ? ಒಂದೇ ಚಿತ್ರ ಮಾಡ್ಕೊಂಡು ಬನ್ನಿ."

ತೂರಾ ಮುಖ ಗಂಟಿಕ್ಕಿಕೊಂಡೇ ಕೂತಳು. ಕಂಪ್ಯೂಟರಿಗೆ ಚಿತ್ರ ಬಿಡಿಸಲು ಹೇಳುವ ಸಾಲುಗಳನ್ನು ಬರೆದಳು. ಮೊದಲ ಸಲ ಆಸ್ಗೆರ್‌ನ ಅಳತೆಗಳ ಚುಕ್ಕಿ ಒಂದೂ ಕಾಣಲಿಲ್ಲ. ಚುಕ್ಕಿ ಇಟ್ಟ ಮೇಲೆ ಅವಳ ಲೆಕ್ಕದ ಚೌಕಗಳ ಬಣ್ಣದ ಪದರ ಬಂದು ಅವನ್ನೆಲ್ಲ ಮುಚ್ಚಿಬಿಟ್ಟಿತ್ತು. ಸಾಲು ಹಿಂದುಮುಂದು ಮಾಡಿದಾಗ ಚುಕ್ಕಿಗಳು ಮೇಲೆ ಬಂದವು. ಆದರೆ ಎಷ್ಟು ಬೆಳಕಿಗೆ ಯಾವ ಬಣ್ಣ ಎಂಬುದಕ್ಕೆ ಚುಕ್ಕಿಗೊಂದು ಅಳತೆ, ಪದರಕ್ಕೊಂದು ಅಳತೆ. ಎರಡಕ್ಕೂ ಒಂದೇ ಅಳತೆ ಕಟ್ಟಿ ಮತ್ತೆ ಓಡಿಸಿದಳು.

ಈಗ ಮುಕ್ಕಾಲು ಪಾಲು ಚುಕ್ಕಿಗಳು ತಮ್ಮ ಕೆಳಗಿನ ಬಣ್ಣದಲ್ಲಿ ಕರಗಿಹೋದವು. ಅಂದರೆ ಅವನ ಅಳತೆಯೂ ಅವಳ ಲೆಕ್ಕವೂ ಒಂದೇ ಮಾತು ಹೇಳುತ್ತಿದ್ದವು! ಇಷ್ಟು ದಿನ ಜಗಳವಾಡಿದ್ದು ಯಾತಕ್ಕೆಂದು ಅವಳಿಗೆ ನಗು ಬಂತು. ಬಡಗಣ ಮೂಲೆಯಲ್ಲಿ ಮಾತ್ರ, ಕಡುನೀಲಿಯ ಮೇಲೆ ಹಳದಿ ಚುಕ್ಕಿಗಳ ಒಂದು ಗುಂಪು ಎದ್ದು ಕಾಣುತ್ತಿತ್ತು. ತೊರೆ ಬಂದು ಸೇರುವ ಜಾಗ ಅದು. ಅಲ್ಲಿ ಕತ್ತಲೆಯೇ ಎಂದು ಅವಳ ಲೆಕ್ಕ ಹೇಳಿತ್ತು; ಅವನ ಚುಕ್ಕಿಗಳು ಬೆಳಕಿದೆ ಎನ್ನುತ್ತಿದ್ದವು.

ಆಸ್ಗೆರ್‌ನನ್ನು ಕರೆದು ತೋರಿಸಿದಳು. "ನಿನ್ನ ಉಪಕರಣ ಕೆಟ್ಟಿತ್ತೇನೋ?"

ಅವನು ಬಹಳ ಹೊತ್ತು ನೋಡಿದ. ಗೆದ್ದೆ ಎಂದು ಬೀಗಲಿಲ್ಲ. "ಗೊತ್ತಿಲ್ಲ. ಇರಬಹುದು. ಬಾ, ಹೋಗಿ ನೋಡಿಬಿಡೋಣ."

"ನಾನಾ? ದೋಣೀಲಾ?"

"ಒದ್ದೆ ಆದ್ರೆ ಒಣಗ್ತೀಯ, ಬಾರೇ."

ಮರುದಿನ ಬೆಳಿಗ್ಗೆ ಚಳಿಗಾಳಿಗೆ ಹಲ್ಲು ಕಟಕಟಿಸುತ್ತಾ ಅವಳು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ತೊರೆಯ ಬಾಯಲ್ಲಿ ನೀರು ಕೆಸರು. ಇನ್ನೂ ಸ್ವಲ್ಪ ಮುಂದೆ ಹೋದರೆ ಇದ್ದಕ್ಕಿದ್ದಂತೆ ತಿಳಿ. ಆಸ್ಗೆರ್ ಮುಳುಗಿ, ಮೇಲೆ ಬಂದು ಅಂಗೈ ಚಾಚಿದ. ಕಪ್ಪು ಪಚ್ಚಿಲೆಗಳು, ಜೋಡಿ ಚಿಪ್ಪಿನೊಳಗೆ ಬದುಕುವ ಪುಟ್ಟ ಜೀವಿಗಳು.

"ತಳದ ತುಂಬ ಇವೇ. ನೀರನ್ನೆಲ್ಲ ಸೋಸಿ ಬಿಡ್ತಿವೆ. ಹೋದ ಸಲ ಬರೀ ಅಳತೆ ತಗೊಂಡು ಎದ್ದುಬಿಟ್ಟೆ, ಇವನ್ನ ನೋಡೇ ಇಲ್ಲ."

"ನನ್ನ ಚೌಕದಲ್ಲಿ ಪಚ್ಚಿಲೆಗೆ ಜಾಗಾನೇ ಇಲ್ಲ," ಎಂದಳು ತೂರಾ. ಹೇಳುವಾಗ ಅವಮಾನವೆನಿಸಲಿಲ್ಲ; ಏನೋ ಸಿಕ್ಕಿದ ಹಿಗ್ಗು.

ಆ ಚಿತ್ರವನ್ನು ಲಿಸ್ಬೆತ್‌ಳ ಮುಂದಿಟ್ಟಾಗ ವಿವರಿಸುವುದು ಹೆಚ್ಚೇನೂ ಇರಲಿಲ್ಲ. ಅವಳೇ ಹಳದಿ ಗುಂಪಿನ ಮೇಲೆ ಬೆರಳಿಟ್ಟು "ಇಲ್ಲೇನಾ?" ಎಂದಳು. ಆ ವಸಂತದಲ್ಲಿ ಊರವರು ಪಚ್ಚಿಲೆ ಹಾಸಿನ ಪಕ್ಕಕ್ಕೇ ಹುಲ್ಲಿನ ಸಸಿಗಳನ್ನು ನೆಟ್ಟರು. ಚಳಿಗಾಲದ ಬಿರುಗಾಳಿ ಅರ್ಧದಷ್ಟನ್ನು ಕಿತ್ತುಕೊಂಡು ಹೋಯಿತು. ತೂರಾಳಿಗೆ ಕೆಲವು ದಿನ ಊಟ ರುಚಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆಸ್ಗೆರ್ ಅವಳಿಗೆ ಮುಳುಗು ಉಡುಪು ತೊಡಿಸಿ, ಉಸಿರಿನ ಕೊಳವೆ ಕೊಟ್ಟು, ಕೈಹಿಡಿದು ನೀರಿಗಿಳಿಸಿದ. ಉಳಿದಿದ್ದ ಹುಲ್ಲು ಬೇರು ಬಿಟ್ಟು ಹಬ್ಬಿತ್ತು. ಉದ್ದನೆಯ ಹಸಿರು ಎಲೆಗಳು ಅಲೆಗೆ ಬಾಗುತ್ತಿದ್ದವು, ಅವುಗಳ ನಡುವೆ ಸೂಜಿಯಂಥ ಮೀನೊಂದು ತಲೆಕೆಳಗಾಗಿ ನಿಂತಿತ್ತು. ತೂರಾ ಅದನ್ನೇ ನೋಡುತ್ತ ಉಸಿರಾಡುವುದನ್ನು ಮರೆತಳು. ಆಸ್ಗೆರ್ ಭುಜ ತಟ್ಟಿ ನೆನಪಿಸಬೇಕಾಯಿತು.