ಸೋತ ದಿನದ ಚೀಲ

ಸೋತ ದಿನ ಚೆಂಡಿನ ಚೀಲ ಯಾರು ಹೊರಬೇಕು ಎಂದು ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಯಾರಿಂದ ಪಂದ್ಯ ಕೈತಪ್ಪಿತೋ ಅವನೇ ಬಂದು ಚೀಲ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಮೈದಾನದಿಂದ ವ್ಯಾನಿಗೆ, ವ್ಯಾನಿನಿಂದ ಗೇಟು ದಾಟಿ ಕಾರ್ಖಾನೆಯ ಸ್ಟೋರಿಗೆ. ಅಲ್ಲಿ ಇಳಿಸಿದರೆ ಮುಗಿಯಿತು, ಮರುದಿನ ಯಾರೂ ಆ ಮಾತು ಎತ್ತುವ ಹಾಗಿಲ್ಲ. ಕೋಚ್ ದತ್ತು ಮಾಸ್ತರರು ಹಾಕಿಕೊಟ್ಟ ಪದ್ಧತಿ ಇದು. ಬೈಗುಳ, ಜಗಳ, ವಾರಗಟ್ಟಲೆ ಮುಖ ಊದಿಸಿಕೊಂಡು ತಿರುಗುವುದು, ಎಲ್ಲವನ್ನೂ ಆ ಚೀಲ ನುಂಗಿಬಿಡುತ್ತಿತ್ತು. ಒಳ್ಳೆಯ ಪದ್ಧತಿಯೇ, ಮೇಲಿನವರ ಕಿವಿಗೆ ಬೀಳುವ ತನಕ.

ಬಿತ್ತು. ನೌಕರರನ್ನು ಸೇರಿಸುವುದು, ತೆಗೆಯುವುದು ನೋಡಿಕೊಳ್ಳುವ ಹೊಸ ಪರ್ಸನೆಲ್ ಆಫೀಸರ್ ರಾಮಕೃಷ್ಣಯ್ಯ ಮೈಸೂರು ಕಡೆಯವರು. ನಗುನಗುತ್ತ ಮಾತಾಡುವ ಮನುಷ್ಯ, ಅದಕ್ಕೇ ಎಲ್ಲರಿಗೂ ಇನ್ನಷ್ಟು ಹೆದರಿಕೆ. ಖರ್ಚು ಇಳಿಸಿ ಎಂದು ದಿಲ್ಲಿಯ ಮುಖ್ಯ ಕಚೇರಿಯಿಂದ ಆದೇಶ ಬಂದಿತ್ತು. ಆಟದ ಹೆಸರಿನಲ್ಲಿ ಕೆಲಸಕ್ಕೆ ಸೇರಿದ ಹಂಗಾಮಿ ಹುಡುಗರಲ್ಲಿ ಒಬ್ಬನನ್ನು ತೆಗೆಯಬೇಕಾಗಿತ್ತು. ತಂಡದಲ್ಲಿ ಹಂಗಾಮಿಗಳಲ್ಲದವರು ಯಾರಿದ್ದರು? ಸೆಮಿಫೈನಲ್ಲಿನ ಹಿಂದಿನ ವಾರ ಕ್ಯಾಂಟೀನಿನಲ್ಲಿ ರಾಮಕೃಷ್ಣಯ್ಯ ಎಲ್ಲರೆದುರಿಗೇ ಮಾಸ್ತರರ ಭುಜದ ಮೇಲೆ ಕೈಯಿಟ್ಟಿದ್ದರು.

“ನಿಮ್ಮ ಚೀಲದ ಪದ್ಧತಿ ಕೇಳಿದೆ ಮಾಸ್ತರ್, ತುಂಬಾ ಚೆನ್ನಾಗಿದೆ. ಸೆಮಿಫೈನಲ್ ಸೋತ್ರೆ ನಾನೇ ಗೇಟಿನ ಹತ್ರ ನಿಂತಿರ್ತೀನಿ. ಚೀಲ ಯಾರ ಹೆಗಲ ಮೇಲಿದೆ ಅಂತ ನೋಡಿದ್ರೆ ನನ್ನ ಕೆಲಸಾನೂ ಹಗುರ ಆಗುತ್ತೆ.”

ಮಾಸ್ತರರು ನಕ್ಕರು. ನಗದೆ ಏನು ಮಾಡಿಯಾರು, ಅವರ ನೌಕರಿಯೂ ವರ್ಷ ವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಫತೇಮೈದಾನದಲ್ಲಿ ಆ ಸೆಮಿಫೈನಲ್ ಸೋತರು. ಒಂದೇ ಗೋಲು, ಅದೂ ಆಟ ಮುಗಿಯುವ ಹೊತ್ತಿಗೆ.

ಗೋಲಿನಲ್ಲಿ ನಿಂತಿದ್ದವನು ಮಲ್ಲಿಕಾರ್ಜುನ, ಅವನ ಮುಂದೆ ಕಾವಲಿಗಿದ್ದವನು ಶಾಂತಪ್ಪ. ಇಬ್ಬರೂ ಬೀದರ್ ಕಡೆಯವರು. ಮಲ್ಲಿಕಾರ್ಜುನ ಶಾಂತಪ್ಪನ ಅಕ್ಕ ಶಿವದೇವಿಯ ಗಂಡ, ಶಾಂತಪ್ಪನಿಗೆ ಮಾಮಾ. ಮಲ್ಕಾಜ್‌ಗಿರಿಯ ರೈಲ್ವೆ ಗೇಟಿನ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಮೂವರೂ ಇದ್ದರು. ಎತ್ತರದ ಚೆಂಡೊಂದು ಗೋಲಿನ ಕಡೆಗೆ ಬಂತು. ಚೆಂಡು ಯಾರು ತೆಗೆದುಕೊಳ್ಳುತ್ತಾರೋ ಅವರು “ನಂದು” ಎಂದು ಕೂಗಬೇಕು, ಉಳಿದವರು ಹಿಂದೆ ಸರಿಯಬೇಕು. ಶಾಂತಪ್ಪ ಕೂಗಿದ. ಮಲ್ಲಿಕಾರ್ಜುನ ಮುಂದಿಟ್ಟ ಹೆಜ್ಜೆ ಹಿಂದಕ್ಕೆ ತೆಗೆದ.

ಅಷ್ಟರಲ್ಲಿ ಎದುರಿನವನು ಬೂಟುಗಾಲು ಎತ್ತಿಕೊಂಡು ಓಡಿ ಬರುವುದು ಶಾಂತಪ್ಪನಿಗೆ ಕಂಡಿತು. ಅವನಿಗೆ ತಂಡದಲ್ಲಿದ್ದ ಬಂಡೆಪ್ಪನ ಕಾಲು ನೆನಪಾಯಿತು. ಹೋದ ವರ್ಷ ಇದೇ ಮೈದಾನದಲ್ಲಿ ಬಂಡೆಪ್ಪನ ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಪಟ್ಟಿ ಬಿಚ್ಚುವುದರೊಳಗೆ ಅವನ ಹಂಗಾಮಿ ಕೆಲಸವೂ ಹೋಗಿತ್ತು, ಈಗ ದಿಲ್‌ಸುಖ್‌ನಗರದಲ್ಲಿ ಕುಂಟುತ್ತ ಬಾಳೆಹಣ್ಣಿನ ಬಂಡಿ ತಳ್ಳುತ್ತಾನೆ. ಶಾಂತಪ್ಪನ ಕಾಲುಗಳು ನೆಲಕ್ಕೆ ಕಚ್ಚಿಕೊಂಡವು. ಚೆಂಡು ಅವನ ಮುಂದೆ ಪುಟಿದು, ಅವನನ್ನು ದಾಟಿ, ಮಲ್ಲಿಕಾರ್ಜುನನ ಪಕ್ಕದಿಂದ ಒಳಗೆ ಹೋಯಿತು.

ಗದ್ದಲದಲ್ಲಿ ಆ ಕೂಗು ಬೇರೆ ಯಾರಿಗೂ ಕೇಳಿಸಿರಲಿಲ್ಲ. ಜನ ಕಂಡದ್ದು ಗೋಲ್‌ಕೀಪರ್ ಕಂಬದ ಹಾಗೆ ನಿಂತದ್ದನ್ನು ಮಾತ್ರ.

ಆಮೇಲೆ ಶುರುವಾಯಿತು ನೋಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಬ್ಬ ರೆಫರಿಯನ್ನು ಬೈದ, ಇನ್ನೊಬ್ಬ ಮೈದಾನದ ತಗ್ಗು ತೋರಿಸಿದ, ಮೊದಲರ್ಧದಲ್ಲಿ ಖಾಲಿ ಗೋಲು ಬಿಟ್ಟು ಆಕಾಶಕ್ಕೆ ಹೊಡೆದ ಮಹಾಶಯ ತನಗೆ ಸರಿಯಾದ ಪಾಸೇ ಬರಲಿಲ್ಲ ಎಂದ. ಮಾಸ್ತರರು ಎತ್ತರದ ಚೆಂಡಿಗೆ ಗೋಲ್‌ಕೀಪರ್ ಮುಂದೆ ಬರಬೇಕೆಂದು ತಮಗೆ ಹೇಳಿ ಹೇಳಿ ಸಾಕಾಗಿದೆಯೆಂದರು, ಯಾರ ಹೆಸರನ್ನೂ ಎತ್ತದೆ, ಆದರೆ ಎಲ್ಲರಿಗೂ ಕೇಳುವ ಹಾಗೆ. ಮಲ್ಲಿಕಾರ್ಜುನ ಕೈಗವಸು ಬಿಚ್ಚುತ್ತ ಕೂತಿದ್ದ.

ಚೀಲ ನೆಲದ ಮೇಲೇ ಇತ್ತು. ವ್ಯಾನಿನ ಡ್ರೈವರ್ ಹಾರ್ನ್ ಹೊಡೆದರೂ ಯಾರೂ ಮುಟ್ಟಲಿಲ್ಲ. ಕೊನೆಗೆ ಚೀಲವನ್ನೇ ಕಾಲಿನಿಂದ ತಳ್ಳುತ್ತ ಒಬ್ಬರಿಂದ ಒಬ್ಬರಿಗೆ ದಾಟಿಸಿ ವ್ಯಾನಿನ ತನಕ ತಂದರು. ಆ ದಿನ ತಂಡ ಕೊಟ್ಟ ಒಳ್ಳೆಯ ಪಾಸು ಅಂದರೆ ಅವೇ. ಡ್ರೈವರ್ ತೆಲುಗಿನಲ್ಲಿ ಬೈದು ತಾನೇ ಅದನ್ನು ಒಳಗೆ ಎಸೆದ.

ವ್ಯಾನು ನಾರಾಯಣಗೂಡ ದಾಟುವಾಗ ಶಾಂತಪ್ಪ ತನ್ನ ಬಲ ಹೆಗಲನ್ನು ಉಜ್ಜಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನಿಗೇ ಅದು ಹೊಳೆದು, ಕೈ ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಿಜವಾಗಿ ಅವರು ನೋಡುತ್ತಿದ್ದದ್ದು ಮಲ್ಲಿಕಾರ್ಜುನನನ್ನು, ಅದು ಶಾಂತಪ್ಪನಿಗೆ ಇನ್ನೂ ಕೆಟ್ಟದೆನಿಸಿತು.

ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ವ್ಯಾನು ನಿಂತಿತು. ಅಲ್ಲಿಂದ ಅವರ ಮನೆಯ ಬಾಗಿಲು ಕಾಣುತ್ತದೆ. ಶಿವದೇವಿಗೆ ದಿನ ತುಂಬುತ್ತಾ ಬಂದಿತ್ತು, ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೋತು ಬಂದ ದಿನ ಅವಳು ಬಾಗಿಲಲ್ಲೇ ಕೇಳುವ ಪ್ರಶ್ನೆ ಒಂದೇ: ಇವತ್ತು ಚೀಲ ಯಾರ ಹೆಗಲಿಗೆ? ಕೇಳಿ ನಗುತ್ತಿದ್ದಳು. ತಾಯಿ ಹೋದ ಮೇಲೆ ಶಾಂತಪ್ಪನಿಗೆ ಉಣ್ಣಿಸಿ ಬೆಳೆಸಿದವಳು ಅವಳೇ.

ಹೆದರಿಕೆಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಶಾಂತಪ್ಪನೂ ಲೆಕ್ಕ ಹಾಕಿದ. ಇಬ್ಬರದೂ ಒಂದೇ ಒಲೆ, ಯಾರ ಸಂಬಳ ನಿಂತರೂ ನಿಲ್ಲುವುದು ಒಂದೇ. ಮಾಮಾ ಒಳ್ಳೆಯ ಮೈಕಟ್ಟಿನವನು, ಎಲ್ಲಾದರೂ ಕೆಲಸ ಸಿಕ್ಕೀತು. ತನಗೆ ಓದಿಲ್ಲ, ಕಾಲಿನ ಆಟ ಬಿಟ್ಟು ಬೇರೇನೂ ಗೊತ್ತಿಲ್ಲ. ಕೆಲಸ ಹೋದರೆ ಬೀದರಿಗೆ ಹೋಗಿ ಅಪ್ಪನ ಮುಂದೆ ನಿಲ್ಲಬೇಕು. ಅಲ್ಲದೆ ಎಲ್ಲರೂ ಮಾಮಾನದೇ ತಪ್ಪು ಅನ್ನುವಾಗ ತಾನು ಸುಮ್ಮನಿದ್ದರೆ ಸಾಕಲ್ಲ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಇಲ್ಲಿ ಒರೆಸುವ ಶ್ರಮವೂ ಇರಲಿಲ್ಲ.

ಗೂಡ್ಸ್ ಗಾಡಿ ಬಂತು. ಆ ಸದ್ದಿನಲ್ಲಿ ಮಲ್ಲಿಕಾರ್ಜುನ ಅವನ ಕಿವಿಯ ಹತ್ತಿರ ಬಾಗಿದ.

“ಶಾಂತು, ನೀ ಕೂಗಿದ್ದು ನನಗ ಕೇಳಿಸ್ತು. ಅದಕ್ಕ ನಾ ನಿಂತೆ.”

ಅಷ್ಟೇ. ಸಿಟ್ಟೂ ಇರಲಿಲ್ಲ ಆ ಮಾತಿನಲ್ಲಿ. ಇವನು ಕಾರ್ಖಾನೆಯ ಗೇಟಿನಲ್ಲಿ ಹೇಳಿಬಿಟ್ಟರೆ ಎಂಬ ಹೆದರಿಕೆ ಶಾಂತಪ್ಪನಿಗೆ ಮೊದಲು ಬಂತು. ಇವನು ಹೇಳುವುದೇ ಇಲ್ಲ ಎಂದು ಆಮೇಲೆ ತಿಳಿಯಿತು, ಆಗ ಅವನಿಗೆ ನಿಜವಾದ ಭಯ ಹತ್ತಿತು.

ಕಾರ್ಖಾನೆಯ ಗೇಟಿನಲ್ಲಿ ದೀಪ ಹಚ್ಚಿದ್ದರು. ದೀಪದ ಕೆಳಗೆ ರಾಮಕೃಷ್ಣಯ್ಯ ಕೈ ಕಟ್ಟಿಕೊಂಡು ನಿಂತಿದ್ದರು, ನಗುತ್ತಿದ್ದರು. ಹುಡುಗರು ಒಬ್ಬೊಬ್ಬರಾಗಿ ಇಳಿದರು, ಖಾಲಿ ಕೈ ಕಾಣುವ ಹಾಗೆ ಬೀಸಿಕೊಂಡು. ಕೊನೆಗೆ ಮಾಸ್ತರರು ಚೀಲವನ್ನು ಮೆಟ್ಟಿಲಿನಿಂದ ಕೆಳಗೆ ದೂಡಿ ತಾವೂ ಇಳಿದರು. ಆಫೀಸರರನ್ನು ನೋಡಿದರು, ಚೀಲ ನೋಡಿದರು. ಆಮೇಲೆ ಬೂಟಿನ ತುದಿಯಿಂದ ಅದನ್ನು ಮಲ್ಲಿಕಾರ್ಜುನನ ಕಾಲ ಹತ್ತಿರಕ್ಕೆ ಸರಿಸಿದರು.

“ಎತ್ತೋ ಮಲ್ಲು, ತಡ ಆಗಾಕತ್ತೈತಿ.”

ಅಷ್ಟು ವರ್ಷಗಳಲ್ಲಿ ಮಾಸ್ತರರು ಒಬ್ಬರ ಹೆಸರು ಹಿಡಿದು ಹಾಗೆ ಹೇಳಿದವರಲ್ಲ. ಪದ್ಧತಿ ಹಾಕಿಕೊಟ್ಟವರೇ ಅದನ್ನು ಮುರಿದರು. ಮುರಿದಾದ ಮೇಲೆ ಯಾರ ಮುಖವನ್ನೂ ನೋಡದೆ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

ಮಲ್ಲಿಕಾರ್ಜುನ ಬಗ್ಗಿ ಚೀಲದ ಪಟ್ಟಿಗೆ ಕೈ ಹಾಕಿದ. ಶಾಂತಪ್ಪನಿಗೆ ಹೊಸ್ತಿಲ ಮೇಲೆ ಕೂತ ಅಕ್ಕ ಕಂಡಳು, ಅವಳು ಕೇಳುವ ಪ್ರಶ್ನೆ ಕೇಳಿಸಿತು. ಅದಕ್ಕೆ ಮಾಮಾ ಏನು ಉತ್ತರ ಕೊಡುತ್ತಾನೆ ಎಂಬುದೂ ಗೊತ್ತಿತ್ತು. ನಂದೇ ತಪ್ಪು ಅಂತಾನೆ. ಜೀವ ಹೋಗುವ ತನಕ ಹಾಗೇ ಅಂತಾನೆ. ತಾನು ಅದೇ ತಾಟಿನ ಮುಂದೆ ಕೂತು ಅಕ್ಕ ಬಡಿಸಿದ ರೊಟ್ಟಿ ತಿನ್ನಬೇಕು.

“ನಂದು” ಎಂದ ಶಾಂತಪ್ಪ.

ಮಲ್ಲಿಕಾರ್ಜುನ ತಲೆ ಎತ್ತಿದ, ಆದರೆ ಪಟ್ಟಿ ಬಿಡಲಿಲ್ಲ. ಆ ಕೂಗು ನಂಬಿ ಅವನು ಅದೇ ಮಧ್ಯಾಹ್ನ ಕೆಟ್ಟಿದ್ದ.

“ಮಾಮಾ, ಬಿಡು. ನಂದೈತಿ.”

ಮಲ್ಲಿಕಾರ್ಜುನ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೈ ಬಿಟ್ಟ. ಶಾಂತಪ್ಪ ಚೀಲ ಹೆಗಲಿಗೆ ಹಾಕಿಕೊಂಡ. ಅದರಲ್ಲಿದ್ದದ್ದು ಗಾಳಿ ತುಂಬಿದ ಚೆಂಡುಗಳೇ, ಆದರೂ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು.

ರಾಮಕೃಷ್ಣಯ್ಯ ಮಾಸ್ತರರ ಕಡೆ ತಿರುಗಿ, ಇವನೇನಾ ಎಂದು ಕೇಳಿದರು. ಮಾಸ್ತರರು ಹೌದ್ರಿ ಸರ್ ಎಂದರು, ತಟ್ಟನೆ, ಒಂದು ಕ್ಷಣದ ಹಿಂದೆ ಇನ್ನೊಬ್ಬನ ಕಾಲ ಹತ್ತಿರ ಚೀಲ ಸರಿಸಿದವರು ತಾವಲ್ಲವೇ ಅಲ್ಲ ಅನ್ನುವ ಹಾಗೆ. ಉಳಿದ ಹುಡುಗರು ಸಿಡುಬು ಎದ್ದವನಿಂದ ಸರಿಯುವ ಹಾಗೆ ಶಾಂತಪ್ಪನಿಂದ ಆಚೆ ಸರಿದರು. ಅವರನ್ನು ಬೈಯಲಾರೆ. ಬದುಕಿದೆ ಎಂದು ಪ್ರತಿಯೊಬ್ಬನ ಮುಖದಲ್ಲಿ ಕಾಣುತ್ತಿತ್ತು.

“ಹೆಸರೇನಪ್ಪಾ?”

ಶಾಂತಪ್ಪ ಹೇಳಿದ.

“ಗಟ್ಟಿಯಾಗಿ ಹೇಳು, ಕೇಳಿಸ್ಲಿಲ್ಲ.”

“ಶಾಂತಪ್ಪ ರೀ. ಚೆಂಡು ನಂದು ಅಂತ ಕೂಗಿ ಬಿಟ್ಟಾಂವ ನಾನ ರೀ.”

ಈ ಸಲ ಎಲ್ಲರಿಗೂ ಕೇಳಿಸಿತು. ರಾಮಕೃಷ್ಣಯ್ಯ ಸಂತೋಷದಿಂದ ತಲೆ ಆಡಿಸಿದರು. “ಸರಿ. ಚೀಲ ಇಲ್ಲೇ ಇಟ್ಟು ಮನೆಗೆ ಹೋಗು. ಸ್ಟೋರಿಗೆ ಬೇರೆಯವರು ಒಯ್ತಾರೆ.”

ಅಂದರೆ ಇನ್ನು ಗೇಟಿನ ಒಳಗೆ ಅವನಿಗೆ ಕೆಲಸವಿಲ್ಲ. ಅಂದರೆ ಚೀಲ ಸ್ಟೋರು ಮುಟ್ಟುವುದಿಲ್ಲ, ತಪ್ಪು ಮುಗಿಯುವುದಿಲ್ಲ, ನಾಳೆಯೂ ನಾಡಿದ್ದೂ ಅದು ಅವನ ಹೆಗಲ ಮೇಲೇ ಇರುತ್ತದೆ. ಶಾಂತಪ್ಪನ ಕೈ ಪಟ್ಟಿಯನ್ನು ಸಡಿಲಿಸಿತು. ಮೈದಾನದಲ್ಲಿ ಹೇಗೆ ಕಾಲುಗಳು ನಿಂತಿದ್ದವೋ ಹಾಗೇ ನಿಂತವು.

ಹಿಂದಿನಿಂದ ಮಲ್ಲಿಕಾರ್ಜುನನ ಮಾತು ಬಂತು, ಮೆಲ್ಲಗೆ. “ಈ ಸಲ ಬಿಡಬ್ಯಾಡ.”

ಶಾಂತಪ್ಪ ಚೀಲವನ್ನು ಮೇಲಕ್ಕೆ ಸರಿಸಿಕೊಂಡು ಗೇಟಿನೊಳಗೆ ಕಾಲಿಟ್ಟ. ಆಫೀಸರರು ಏನೋ ಅಂದರು, ಕಾವಲಿನವನು ಅವರ ಮುಖ ನೋಡಿದ, ಮಾಸ್ತರರು ನೆಲ ನೋಡಿದರು. ಬೆನ್ನಿಗೆ ಯಾರಾದರೂ ಕೈ ಹಾಕುತ್ತಾರೆಂದು ಹೆಜ್ಜೆ ಹೆಜ್ಜೆಗೂ ಹೆದರುತ್ತ ಅವನು ಸ್ಟೋರಿನ ಕಡೆಗೆ ನಡೆದ. ಹಿಂದೆ ಒಬ್ಬನ ಬೂಟಿನ ಸಪ್ಪಳ ಮಾತ್ರ ಬರುತ್ತಿತ್ತು, ಅದು ಮಾಮಾನದು.