ಮೊದಲ ಸಾಲು ಇಲ್ಲದ ಪತ್ರ

ನಮ್ಮಲ್ಲಿ ವ್ಯಾಪಾರದ ಪತ್ರವೂ ಹೂವು, ಹಿಮ, ಗಾಳಿ ಎಂದು ಋತುಮಾನದ ಸಾಲಿನಿಂದಲೇ ಶುರುವಾಗಬೇಕು. ಸಾವಿನ ಮನೆಗೆ ಬರೆಯುವಾಗ ಮಾತ್ರ ಆ ಸಾಲನ್ನು ಬಿಡುತ್ತಾರೆ. ಕನಜಾವಾ ಊರಿನ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಪತ್ರ ಬರೆದವಳು ನಾನು. ಗಿಫು ಊರಿನ ಕಾಗದದ ಲಾಂದ್ರದ ವ್ಯಾಪಾರಿ ಹಿನುಮ ಅವರ ಮುಖ ನೋಡಿಲ್ಲ. ಆದರೆ ಅವರ ಅಂಗಳದ ಪ್ಲಮ್ ಮರ ಯಾವಾಗ ಹೂ ಬಿಡುತ್ತದೆಂದು ಬಲ್ಲೆ.

ಈ ಫೆಬ್ರವರಿಯಲ್ಲಿ ಬಂದ ಅವರ ಪತ್ರದಲ್ಲಿ ಆ ಸಾಲೇ ಇರಲಿಲ್ಲ. ಅಕ್ಷರವೂ ಅವರದಲ್ಲ. ನೇರವಾಗಿ, 'ಮುನ್ನೂರು ಹಾಳೆ ಕಳಿಸಿ.' ನನಗೆ ಮೈಯೆಲ್ಲ ಉರಿದುಹೋಯಿತು.

"ನಾನೇನು ಇವ್ರ ಮನೆ ಆಳಾ ಸಾರ್?" ಎಂದೆ.

"ಹೋಗ್ಲಿ ಬಿಡಿ ತೊಕಿಕೊ ಅವ್ರೇ, ವಯಸ್ಸಾಯ್ತು, ಮರೆತಿರ್ತಾರೆ. ನೀವು ಚೆನ್ನಾಗೇ ಬರೀರಿ," ಎಂದರು ಮೇಲಧಿಕಾರಿ ಕುರಿಯಾಮ.

ಬರೆಯಲಿಲ್ಲ. ಸೇಡಿಗೆ ನಾನೂ ಆ ಸಾಲು ಬಿಟ್ಟೆ. 'ಪತ್ರ ತಲುಪಿತು. ಹಾಳೆ ಕಳಿಸಿದ್ದೇವೆ.' ಅಷ್ಟೇ.

ಹತ್ತು ದಿನಕ್ಕೆ ಅವರ ಮಗಳ ಪತ್ರ ಬಂತು, ಸಾವಿನ ಸುದ್ದಿಗೆ ಬಳಸುವ ತೆಳು ಮಸಿಯಲ್ಲಿ.

'ಅಪ್ಪ ಆಸ್ಪತ್ರೆಯಲ್ಲಿ ಮಲಗಿ ನನ್ನಿಂದ ಬರೆಸಿದ ಕೊನೆಯ ಪತ್ರ ನಿಮಗೆ ಕಳಿಸಿದ್ದು. ಮೊದಲ ಸಾಲು ಏನು ಬರೆಯಲಿ ಎಂದು ಕೇಳಿದೆ. "ಬೇಡಮ್ಮಾ, ಈ ಕಿಟಕೀಲಿ ಒಂದು ಮರಾನೂ ಕಾಣಲ್ಲ. ಆಯಮ್ಮಂಗೆ ಸುಳ್ಳು ಬರೀಬಾರ್ದು," ಅಂದರು. ನಿಮ್ಮ ಉತ್ತರ ಅಂತ್ಯಸಂಸ್ಕಾರದ ದಿನ ತಲುಪಿತು. ನಾವು ಯಾರಿಗೂ ತಿಳಿಸಿರಲಿಲ್ಲ. ಆದರೂ ಹೇಗೋ ತಿಳಿದು ನೀವು ಆ ಸಾಲು ಬಿಟ್ಟಿದ್ದಿರಿ. ಅಮ್ಮ ಅದನ್ನು ಅಪ್ಪನ ಎದೆಯ ಮೇಲಿಟ್ಟು ಕಳಿಸಿಕೊಟ್ಟರು.'