ಹಕ್ಕಿಗೆ ಲೆಕ್ಕ ಬರೋಲ್ಲ

ಪುಟ್ಟಲಕ್ಷ್ಮಿಯ ಗಂಡ ವೆಂಕಟರಮಣಪ್ಪನಿಗೆ ಹಕ್ಕಿಯ ಹುಚ್ಚು. ಸಾಕುವ ಹುಚ್ಚಲ್ಲ, ಹಿಡಿಯುವ ಹುಚ್ಚೂ ಅಲ್ಲ, ಪಟ ತೆಗೆಯುವ ಹುಚ್ಚು. ವಾರವೆಲ್ಲ ಚಿಕ್ಕಪೇಟೆಯ ಸ್ಟುಡಿಯೋ ಒಂದರಲ್ಲಿ ಮದುವೆಯ ಗಂಡುಹೆಣ್ಣುಗಳನ್ನು ಕುರ್ಚಿಯ ಮೇಲೆ ಕೂರಿಸಿ, ಗಲ್ಲ ಎತ್ತಿ ಸರಿಮಾಡಿ, ಅಲುಗಾಡಬೇಡಿ ಎಂದು ಹೇಳುತ್ತಿದ್ದವನು ಭಾನುವಾರ ಬಂತೆಂದರೆ ಯಜಮಾನರ ಹಳೆಯ ಪ್ಲೇಟು ಕ್ಯಾಮೆರಾವನ್ನು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳ ಸಾಲು ಏಳುತ್ತಿದ್ದ ಕಾಲ. ಕೊನೆಯ ಸಾಲು ದಾಟಿ ಪಶ್ಚಿಮಕ್ಕೆ ನಡೆದರೆ ಸಾಣೆಗುರುವನಹಳ್ಳಿಯ ರಾಗಿ ಹೊಲ, ಬೇಲಿ, ಲಂಟಾನದ ಪೊದೆ. ಅಲ್ಲಿ ಅವನು ಗೋಣಿತಾಟಿನಿಂದ ಆಳೆತ್ತರದ ಗೂಡಾರ ಮಾಡಿಕೊಂಡು ಒಳಗೆ ಕೂರುತ್ತಿದ್ದ. ದೂರದಿಂದ ತೆಗೆದರೆ ಹಕ್ಕಿ ಎಳ್ಳುಕಾಳಿನಷ್ಟು ಕಾಣುತ್ತದಂತೆ. ಅವನಿಗೆ ಅದರ ಕಣ್ಣಿನೊಳಗಿನ ಬೆಳಕು ಬೇಕು. ಅದಕ್ಕೆ ಮೊಳದೂರದಲ್ಲಿ ಕೂರಬೇಕು.

ಪುಟ್ಟಲಕ್ಷ್ಮಿಗೂ ಅಲ್ಲಿ ಒಂದು ಕೆಲಸವಿತ್ತು. ಮನುಷ್ಯ ಗೂಡಾರದೊಳಗೆ ಹೋದದ್ದನ್ನು ಹಕ್ಕಿ ಎಲ್ಲಿಂದಲೋ ನೋಡುತ್ತಿರುತ್ತದೆ, ಅವನು ಹೊರಬರುವವರೆಗೆ ಗೂಡಿನ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ಗಂಡಹೆಂಡಿರು ಜೊತೆಯಾಗಿ ಒಳಗೆ ಹೋಗಬೇಕು, ಆಮೇಲೆ ಅವಳೊಬ್ಬಳೇ ಹೊರಬಂದು, ಬಳೆ ಸದ್ದು ಮಾಡುತ್ತ, ಹಕ್ಕಿಯ ಕಣ್ಣಿಗೆ ಬೀಳುವ ಹಾಗೆ ನಡೆದು ಹೋಗಬೇಕು.

"ಹಕ್ಕಿಗೆ ಲೆಕ್ಕ ಬರೋಲ್ಲ ಕಣೇ," ಎಂದು ಅವನು ಮೊದಲ ಸಲವೇ ಹೇಳಿಕೊಟ್ಟಿದ್ದ. "ನೀನು ಹೋದ್ಯಲ್ಲ, ಎಲ್ಲಾರೂ ಹೋದ್ರು ಅಂದ್ಕೊಳ್ಳುತ್ತೆ. ಆಮೇಲೆ ಏನಾದ್ರೂ ಸರಿ, ನೀನು ಕೂಗಬಾರದು, ಈ ಕಡೆ ಬರಬಾರದು."

ಒಂದು ಸಲ ಅವಳಿಗೆ ಕೆಮ್ಮು ತಡೆಯಲಾಗದೆ ಪಿಕಳಾರವೊಂದು ಹಾರಿಹೋಗಿತ್ತು. ಅವನು ಬಯ್ಯಲಿಲ್ಲ, ಬಯ್ಯುವ ಜಾತಿಯವನೇ ಅಲ್ಲ. ಆದರೆ ನಾಲ್ಕಾರು ದಿನ ತಟ್ಟೆಯ ಮುಂದೆ ತಲೆ ಬಗ್ಗಿಸಿ ಉಂಡು ಎದ್ದ. ಬೈದಿದ್ದರೇ ವಾಸಿ ಎನ್ನಿಸಿತ್ತು ಅವಳಿಗೆ. ಮಿಕ್ಕಂತೆ ಆ ಭಾನುವಾರಗಳೆಂದರೆ ಅವಳಿಗೂ ಇಷ್ಟವೇ. ಬೇರೆ ಗಂಡಸರು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದೆಲ್ಲಿ ಬಂತು?

ಮದುವೆಯಾಗಿ ಆರು ವರ್ಷಕ್ಕೆ ಅವಳ ಬಸಿರು ನಿಂತಿತು. ಹಿಂದೆ ಎರಡು ಸಲ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಇದು ನಾಲ್ಕು ದಾಟಿ ಐದಕ್ಕೆ ಬಿದ್ದಿತ್ತು. ಪಕ್ಕದ ಮನೆಯ ರಾಮಕ್ಕ, ಗಿರಣಿ ಕೆಲಸದವನ ಹೆಂಡತಿ, ದಿನವೂ ಬೆಳಿಗ್ಗೆ ಬಂದು ಮುಖ ನೋಡಿಕೊಂಡು ಹೋಗುತ್ತಿದ್ದಳು. ಭಾರ ಎತ್ತಬೇಡ, ಬಿಸಿಲಲ್ಲಿ ತಿರುಗಬೇಡ ಎಂದು ತಾಯಿಯ ಹಾಗೆ ಹೇಳುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ವೆಂಕಟರಮಣಪ್ಪ ಒಂದು ಸೂರಕ್ಕಿಯ ಗೂಡು ಕಂಡುಹಿಡಿದ. ಹೆಬ್ಬೆರಳಷ್ಟು ಹಕ್ಕಿ. ಲಂಟಾನದ ಕಡ್ಡಿಯಿಂದ ಜೇಡರಬಲೆ, ತೊಗಟೆಚೂರು ಸೇರಿಸಿ ಹೆಣೆದ ಚೀಲದ ಹಾಗೆ ಗೂಡು ತೂಗುತ್ತಿತ್ತು. ಪಕ್ಕದಲ್ಲಿ ಸಣ್ಣ ಬಾಯಿ. ಒಳಗೆ ಎರಡು ಮರಿ. ಅವನು ಕೆಲಸ ಬಿಟ್ಟಮೇಲೆ ಸಂಜೆ ಹೋಗಿ, ದಿನಕ್ಕಷ್ಟು ದೂರದಂತೆ ಗೋಣಿಯ ಗೂಡಾರವನ್ನು ಹತ್ತಿರ ಸರಿಸುತ್ತ ಬಂದಿದ್ದ. ಶನಿವಾರ ಸಂಜೆ ಬಂದು, ಮರಿಗಳು ಬಾಯಿಗೆ ಬಂದು ಕೂತಿವೆ, ನಾಳೆ ಬಿಟ್ಟರೆ ಹಾರಿಹೋಗುತ್ತವೆ ಎಂದ. ಆಮೇಲೆ ಅವಳ ಹೊಟ್ಟೆಯನ್ನು ನೋಡಿ, ನಿನ್ನ ಕೈಲಿ ಆಗುತ್ತಾ, ಇಲ್ಲದಿದ್ದರೆ ರಾಮಕ್ಕನ ಗಂಡನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಬರ್ತೀನಿ ಎಂದಳು. ಹಿಂದಿನ ರಾತ್ರಿಯಿಂದ ಸೊಂಟ ಹಿಡಿದುಕೊಂಡಿದ್ದನ್ನು ಹೇಳಲಿಲ್ಲ. ಬೆಳಗಾದರೆ ಬಿಟ್ಟುಹೋಗುತ್ತದೆ ಅಂದುಕೊಂಡಳು.

ಬೆಳಿಗ್ಗೆ ಇಬ್ಬರೂ ಗೂಡಾರದೊಳಗೆ ಹೋದರು. ಅವನು ಕ್ಯಾಮೆರಾ ಹೂಡಿ ತಲೆಯಾಡಿಸಿದ. ಅವಳು ಹೊರಬಂದು, ಬಳೆ ಆಡಿಸುತ್ತ ಒಂದು ಹೊಲ ದಾಟಿ, ಹೊಂಗೆಮರದ ಕೆಳಗೆ ಕೂತಳು. ಅಲ್ಲಿಂದ ಗೋಣಿತಾಟು ಕಾಣುತ್ತಿತ್ತು, ಹಕ್ಕಿ ಎಳ್ಳುಕಾಳಿನಷ್ಟು. ತಾಯಿಹಕ್ಕಿ ಬಂತು, ದೂರದ ಕಡ್ಡಿಯ ಮೇಲೆ ಕೂತು ಅನುಮಾನಿಸಿ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಸೊಂಟದ ನೋವು ಹೊಟ್ಟೆಗೆ ಇಳಿಯಿತು. ಮೊದಲು ಬಿಟ್ಟು ಬಿಟ್ಟು ಬಂದದ್ದು ಆಮೇಲೆ ಬಿಡದೆ ಬಂತು. ಅವಳು ಮರಕ್ಕೆ ಒರಗಿ ಕಾಲು ಮಡಿಸಿದಳು, ಚಾಚಿದಳು. ಕರೆಯಲೇ ಎಂದು ನೋಡಿದಳು. ಹಕ್ಕಿ ಆಗಲೇ ಗೂಡಿನ ಹತ್ತಿರದ ಕಡ್ಡಿಗೆ ಬಂದಿತ್ತು. ಇದೊಂದು ಸಲ ಅದು ಮರಿಗೆ ಕೊಟ್ಟು ಹೋಗಲಿ, ಆಮೇಲೆ ಕರೆಯುತ್ತೇನೆ ಅಂದುಕೊಂಡಳು. ಅದು ಕೊಡದೆ ಹಾರಿತು. ಮತ್ತೆ ಬಂತು. ಇದೊಂದು ಸಲ ಎಂದು ಸೆರಗಿನ ತುದಿಯನ್ನು ಹಲ್ಲಿಗೆ ಕಚ್ಚಿಕೊಂಡಳು. ತೊಡೆಯ ನಡುವೆ ಬಿಸಿ ಹರಿದಾಗ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಒಣಗಿದ ಹೊಂಗೆ ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿಹಿಡಿಯಾಗಿ ಹಿಸುಕಿದಳು.

ವೆಂಕಟರಮಣಪ್ಪ ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ದೂರದಿಂದಲೇ ಸಿಕ್ತು ಕಣೇ, ಸಿಕ್ತು ಎಂದು ನಗುತ್ತ ಬಂದವನು, ಮರದ ಹತ್ತಿರ ಬಂದು ನಿಂತುಬಿಟ್ಟ.

ಹುಲ್ಲು ತುಂಬಿಕೊಂಡು ಹೋಗುತ್ತಿದ್ದ ಎತ್ತಿನಗಾಡಿಯಲ್ಲಿ ಮಾಗಡಿ ರಸ್ತೆಯವರೆಗೆ, ಅಲ್ಲಿಂದ ಜಟಕಾದಲ್ಲಿ ಆಸ್ಪತ್ರೆಗೆ. ಹೋದದ್ದು ಗಂಡು ಎಂದು ನರ್ಸಮ್ಮ ಹೇಳಿದಳು, ಕೇಳದಿದ್ದರೂ. ಇನ್ನು ಮಕ್ಕಳಾಗುವುದು ಕಷ್ಟ ಎಂದು ಡಾಕ್ಟರು ಅವನಿಗೆ ಹೇಳಿದರು. ಅವನು ಅವಳಿಗೆ ಹೇಳಲಿಲ್ಲ. ಅವನ ಮುಖ ನೋಡಿ ಅವಳೇ ತಿಳಿದುಕೊಂಡಳು.

ಮನೆಗೆ ಬಂದಮೇಲೆ ರಾಮಕ್ಕ ಎಣ್ಣೆ ಹಚ್ಚಿ ನೀರು ಹಾಕಿದಳು, ಬಾಣಂತಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿದಳು. ತೊಟ್ಟಿಲೊಂದಿರಲಿಲ್ಲ. ಹಾಲು ಬಂದು ಎದೆ ಕಲ್ಲಾಯಿತು. ಹಾಲು ಹಿಂಗಲೆಂದು ರಾಮಕ್ಕ ಮಲ್ಲಿಗೆ ಹೂ ಅರೆದು ಕಟ್ಟಿದಳು.

ಒಂದು ಸಂಜೆ ವೆಂಕಟರಮಣಪ್ಪ ಅವಳ ಚಾಪೆಯ ಹತ್ತಿರ ಬಂದು ಕೂತ. ಜಾರಿದ ಹೊದಿಕೆ ಎಳೆದು ಸರಿಮಾಡಿ ಕೇಳಿದ.

"ಒಂದು ಸಲ ಕೂಗಬಾರದಿತ್ತಾ?"

"ಕೂಗಬಾರದು ಅಂತ ನೀವೇ ಹೇಳಿದ್ರಲ್ಲ."

"ಇಂಥ ಹೊತ್ತಲ್ಲೂ ಅಂತ ಹೇಳಿದ್ನಾ ನಾನು?"

"ಅದು ಎಂಥ ಹೊತ್ತು ಅಂತ ನಂಗೆ ಗೊತ್ತಾಗ್ಲಿಲ್ಲ."

ಅವನು ಎದ್ದು ಬಚ್ಚಲಿಗೆ ಹೋಗಿ ಮೈಮೇಲೆ ನೀರು ಸುರಿದುಕೊಂಡ. ಹಂಡೆಯ ನೀರು ಖಾಲಿಯಾಗಿ ಚೊಂಬು ತಳಕ್ಕೆ ಬಡಿಯುವ ಸದ್ದು ಬಂತು. ಆಮೇಲೂ ಅವನು ಈಚೆಗೆ ಬರಲಿಲ್ಲ.

ಆ ದಿನ ಪಟ ಹಿಡಿದ ಗಾಜಿನ ಪ್ಲೇಟನ್ನು ಅವನು ಔಷಧಿಯಲ್ಲಿ ತೊಳೆಯದೆ ಕಪ್ಪು ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದ. ಯುಗಾದಿ ಕಳೆಯಿತು, ಮಳೆ ಬಂತು. ತೊಳೆದುಕೊಂಡು ಬನ್ನಿ ಎಂದವಳು ಪುಟ್ಟಲಕ್ಷ್ಮಿಯೇ. ತಾನು ಅಲ್ಲಿ ಬಿದ್ದಿದ್ದಾಗ ಅವನು ನೋಡುತ್ತಿದ್ದದ್ದು ಏನು ಎಂಬುದು ಅವಳಿಗೆ ಬೇಕಾಗಿತ್ತು. ಪಟ ನೆಟ್ಟಗೆ ಬಂದಿರಲಾರದು ಎಂಬ ಆಸೆಯೂ ಒಳಗೊಳಗೆ ಇತ್ತು. ಕೆಟ್ಟಿದ್ದರೆ ಅವನನ್ನು ಕೂರಿಸಿ ಒಂದು ಸಲ ಬಾಯಿತುಂಬ ಬೈಯಬಹುದಿತ್ತು.

ಪಟ ಕೆಟ್ಟಿರಲಿಲ್ಲ. ತಾಯಿ ರೆಕ್ಕೆ ಬಡಿಯುತ್ತ ಗೂಡಿನ ಬಾಯಿಗೆ ಜೋತುಬಿದ್ದಿದೆ. ಕೊಕ್ಕಿನಲ್ಲಿ ಕೂದಲೆಳೆಯಂಥ ಕಾಲುಗಳ ಜೇಡ. ಎರಡು ಮರಿಗಳೂ ಕೊರಳು ಚಾಚಿ ಬಾಯಿ ತೆರೆದಿವೆ, ಬಾಯಿಯ ಒಳಗೂ ಬೆಳಕು. ಪುಟ್ಟಲಕ್ಷ್ಮಿ ಬಹಳ ಹೊತ್ತು ನೋಡಿದಳು. ಅವನು ಅದುವರೆಗೆ ತೆಗೆದಿದ್ದ ಯಾವ ಪಟವೂ ಇದರ ಹತ್ತಿರ ಬರುತ್ತಿರಲಿಲ್ಲ. ಅದು ಅವಳಿಗೂ ತಿಳಿಯಿತು. ಚೆನ್ನಾಗಿ ಬಂದಿದೆ ಎಂದು ಹೇಳಿ ಕೈಗೆ ಕೊಟ್ಟು, ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಸ್ಟುಡಿಯೋ ಯಜಮಾನರು ಅದನ್ನು ದೊಡ್ಡದು ಮಾಡಿಸಿ ಗಾಜಿನ ಬೀರುವಿನಲ್ಲಿಟ್ಟರು. ಎಣ್ಣೆ ಗಾಣದ ಸಾಹುಕಾರರೊಬ್ಬರು ನೋಡಿ, ಬರುವ ವರ್ಷದ ಕ್ಯಾಲೆಂಡರಿಗೆ ಅದೇ ಬೇಕೆಂದರು. ವೆಂಕಟರಮಣಪ್ಪ ಊಟಕ್ಕೆ ಕೂತು ಇದನ್ನು ಹೇಳಿದ. ಬೇಡ ಅಂತ ಹೇಳಿಬಿಡ್ತೀನಿ ಎಂದ. ಮಾತು ಬೇಡ ಅನ್ನುತ್ತಿತ್ತು, ಆದರೆ ತುತ್ತು ಹಿಡಿದ ಕೈ ನಿಂತು ಅವಳ ಉತ್ತರಕ್ಕೆ ಕಾಯುತ್ತಿತ್ತು. ನಿಮ್ಮಿಷ್ಟ ಎಂದಳು. ಅವತ್ತಿನಿಂದ ದಿನವೂ ಸಂಜೆ, ಬೇಡ ಅಂದುಬಿಟ್ಟೆ ಎನ್ನುತ್ತಾನೇನೋ ಎಂದು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಆ ಮಾತನ್ನೇ ಮತ್ತೆ ಎತ್ತಲಿಲ್ಲ.

ಡಿಸೆಂಬರ್ ಮುಗಿಯುವ ಹೊತ್ತಿಗೆ ದಿನಸಿ ಅಂಗಡಿಯಲ್ಲಿ ಆ ಕ್ಯಾಲೆಂಡರು ನೇತಾಡಿತು. ಆಮೇಲೆ ಹಿಟ್ಟಿನ ಗಿರಣಿಯಲ್ಲಿ, ಕ್ಷೌರದಂಗಡಿಯಲ್ಲಿ. ಒಂದು ಭಾನುವಾರ ಮಧ್ಯಾಹ್ನ ಅವಳು ಸೊಪ್ಪು ತರಲು ಹೋದಾಗ ವೃತ್ತದ ಹೋಟೆಲಿನೊಳಗೆ ಗಂಡ ಕಾಣಿಸಿದ. ಕಾಫಿ ಲೋಟ ಹಿಡಿದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದ. ಪಕ್ಕದವನಿಗೆ ಏನೋ ತೋರಿಸಿ ಹೇಳುತ್ತಿದ್ದ. ಆ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಹತ್ತು ತಿಂಗಳಿಂದ ನೋಡಿರಲಿಲ್ಲ. ಅವನ ಸಂಕಟ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಬೆಳಕೂ ಸುಳ್ಳಾಗಿರಲಿಲ್ಲ. ಅವಳು ಸೊಪ್ಪು ತರದೆ ಮನೆಗೆ ಬಂದಳು.

ಮಾರನೆಯ ದಿನ ರಾಮಕ್ಕ ಸುರುಳಿ ಸುತ್ತಿದ ಕಾಗದ ಹಿಡಿದು ಬಂದಳು. ಕಾಗದದ ಮೇಲೆ ಹೆಸರಿಲ್ಲದ್ದರಿಂದ ಪಟ ತೆಗೆದವರು ಯಾರು, ಯಾವಾಗ ತೆಗೆದದ್ದು, ಯಾವುದೂ ಅವಳಿಗೆ ತಿಳಿಯದು.

"ದಿನಾ ಎದ್ದು ಈ ಮರಿಗಳ ಮುಖ ನೋಡವ್ವಾ," ಎಂದಳು. "ಒಳ್ಳೇದಾಗುತ್ತೆ. ನಿನಗೇ ಅಂತ ಸಾಹುಕಾರರ ಅಂಗಡೀಲಿ ಕೇಳಿ ಇಸ್ಕೊಂಡು ಬಂದೆ."

ಮೊಳೆಯನ್ನೂ ಅವಳೇ ಹೊಡೆದು, ಚಾಪೆಯ ಎದುರಿನ ಗೋಡೆಗೆ ತೂಗುಹಾಕಿ ಹೋದಳು.

ಸಂಜೆ ವೆಂಕಟರಮಣಪ್ಪ ಒಳಗೆ ಬಂದವನು ಚಪ್ಪಲಿ ಬಿಡದೆ ನಿಂತ. ತೆಗೆದುಬಿಡಲಾ ಎಂದು ಕೇಳಿದ. ಇರಲಿ, ರಾಮಕ್ಕ ನೊಂದ್ಕೋತಾರೆ ಎಂದಳು ಪುಟ್ಟಲಕ್ಷ್ಮಿ. ತಟ್ಟೆ ಹಾಕಿದಳು. ಅವನು ಆ ಗೋಡೆಗೆ ಬೆನ್ನು ಮಾಡಿ ಕೂತ. ಅವಳು ಬಡಿಸಲು ಅವನೆದುರು ಕೂರಬೇಕಾದದ್ದರಿಂದ ಮುಖ ಆ ಕಡೆಗೇ ಆಯಿತು. ಕ್ಯಾಲೆಂಡರಿನ ವರ್ಷ ಹುಟ್ಟಿ ಇನ್ನೂ ಸಂಕ್ರಾಂತಿ ಕೂಡ ಬಂದಿರಲಿಲ್ಲ.